ಹುಡುಗನ ಚಟ, ಅದರ ಹಿಂದಿನ ಬಾಲ್ಯ: ಮನೆಯವರು ಎಲ್ಲಿಂದ ಶುರು ಮಾಡಬೇಕು?

ಮಗನೋ ಮಗಳೋ ಗಾಂಜಾ ಸೇದುತ್ತಾರೆ, ಎಣ್ಣೆ ಹೊಡೆಯುತ್ತಾರೆ, ವೈಟ್ನರ್ ಮೂಸುತ್ತಾರೆ ಅಂತ ಗೊತ್ತಾದ ದಿನ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ ಒಂದೇ. "ಯಾರ ಸಹವಾಸದಿಂದ ಕಲಿತ?" ಸಹವಾಸದ ಪಾತ್ರ ಇಲ್ಲ ಅನ್ನುವಂತಿಲ್ಲ. ಆದರೆ ಅದೇ ಗುಂಪಿನಲ್ಲಿ ಒಂದೆರಡು ಸಲ ಸೇದಿ ಬಿಟ್ಟ ಹುಡುಗರೂ ಇರುತ್ತಾರಲ್ವಾ? ಇವನೊಬ್ಬನೇ ಬಿಡಲಾಗದೆ ಸಿಕ್ಕಿಕೊಂಡದ್ದು ಯಾಕೆ? ಈ ಬರಹ ಇರುವುದು ಆ ಎರಡನೇ ಪ್ರಶ್ನೆಗೆ.

ಎಲ್ಲ ಚಟದ ಹಿಂದೆಯೂ ಕೆಟ್ಟ ಬಾಲ್ಯ ಇರುತ್ತದೆ ಅಂತ ನಾನು ಹೇಳುತ್ತಿಲ್ಲ. ವಂಶದಲ್ಲಿ ಕುಡಿತ ಇರಬಹುದು, ಗುರುತಿಸದೇ ಹೋದ ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ) ಇರಬಹುದು, ಮಾಲು ಸುಲಭವಾಗಿ ಕೈಗೆ ಸಿಗುವ ಊರಿರಬಹುದು. ಆದರೆ ಚಿಕ್ಕಂದಿನಲ್ಲಿ ಮನಸ್ಸಿಗೆ ದೊಡ್ಡ ಪೆಟ್ಟು ಬಿದ್ದಿದ್ದರೆ, ಅದನ್ನು ಬದಿಗಿಟ್ಟು ಚಟ ಒಂದನ್ನೇ ಬಿಡಿಸಲು ಹೊರಟ ಚಿಕಿತ್ಸೆ ಅರ್ಧದಲ್ಲೇ ಕುಂಟುತ್ತದೆ. ಎರಡನ್ನೂ ಒಟ್ಟಿಗೆ ನೋಡಬೇಕು. ಆದರೆ ಹಳೆಯದನ್ನು ಕೆದಕುವ ಕೆಲಸಕ್ಕೆ ಮೊದಲೇ ಕೈ ಹಾಕಬಾರದು. ಕೆಳಗಿನ ಹೆಜ್ಜೆಗಳ ಕ್ರಮಕ್ಕೆ ಇದೇ ಕಾರಣ.

ಎಲ್ಲಕ್ಕಿಂತ ಮೊದಲು: ಇವತ್ತೇ ಜೀವಕ್ಕೆ ಅಪಾಯ ಇದೆಯಾ?

ದಿನಾ ಜಾಸ್ತಿ ಕುಡಿಯುವವನನ್ನು ರೂಮಿಗೆ ಹಾಕಿ ಬೀಗ ಜಡಿಯಬೇಡಿ. ಕುಡಿತ ದಿಢೀರನೆ ನಿಂತರೆ ಮೊದಲ ದಿನವೇ ಕೈನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಇಲ್ಲದ್ದು ಕಾಣುವುದು, ಯಾರ ಗುರುತೂ ಹತ್ತದೆ ಬಡಬಡಿಸುವುದು ಆಗಬಹುದು. ಇದರಿಂದ ಪ್ರಾಣವೂ ಹೋಗುತ್ತದೆ. ತಿಂಗಳುಗಟ್ಟಲೆ ನಿದ್ದೆ ಮಾತ್ರೆ ನುಂಗಿದವರಿಗೂ ಇದೇ ಮಾತು. ಇವರಿಗೆ ಬಿಡಿಸುವ ಕೆಲಸ ಡಾಕ್ಟರ ಕಣ್ಣೆದುರೇ ಆಗಬೇಕು.

ವೈಟ್ನರ್, ಪಂಕ್ಚರ್ ಸೊಲ್ಯೂಷನ್, ಥಿನ್ನರ್ ಮೂಸುತ್ತಿರುವಾಗ ಹುಡುಗನನ್ನು ಕಂಡರೆ ಕಿರುಚಬೇಡಿ, ಅಟ್ಟಿಸಿಕೊಂಡು ಹೋಗಬೇಡಿ. ಆ ಹೊಗೆ ಒಳಗೆ ಹೋದಾಗ ಗಾಬರಿಯಾಗಿ ಓಡಿದರೆ ಹೃದಯದ ಬಡಿತ ತಪ್ಪಿ ಅಲ್ಲೇ ಕುಸಿಯುವುದುಂಟು. ಕಿಟಕಿ ತೆಗೆಯಿರಿ, ತಣ್ಣಗೆ ಮಾತಾಡಿ, ಕೂರಿಸಿ.

ನೋವಿನ ಮಾತ್ರೆ, ಇಂಜೆಕ್ಷನ್, ಹೆರಾಯಿನ್ ಬಗೆಯದ್ದು ತಗೊಂಡು ಎಬ್ಬಿಸಿದರೂ ಏಳುತ್ತಿಲ್ಲ, ಉಸಿರು ನಿಧಾನವಾಗಿದೆ, ತುಟಿ ನೀಲಿಯಾಗಿದೆ ಅಂದರೆ ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಚಿಕಿತ್ಸೆ ಮುಗಿಸಿ ಬಂದವರಲ್ಲಿ ಈ ಅಪಾಯ ಇನ್ನೂ ಜಾಸ್ತಿ. ದೇಹ ಹಳೆಯ ಅಳತೆಯನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ, ಕೈ ಮಾತ್ರ ಹಳೆಯ ಅಳತೆಯನ್ನೇ ತೆಗೆದುಕೊಳ್ಳುತ್ತದೆ.

ಸಾಯುವ ಮಾತು ಆಡುತ್ತಿದ್ದರೆ ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೆಜ್ಜೆ 1: ಬಾಲ್ಯದ ಪೆಟ್ಟು ಅಂದರೆ ಏನೇನು ಸೇರುತ್ತದೆ ನೋಡಿ

ಈ ವಿಷಯದಲ್ಲಿ ಎಲ್ಲರೂ ಹೆಸರಿಸುವ ಅಧ್ಯಯನ ಅಮೆರಿಕದ ಸ್ಯಾನ್ ಡಿಯಾಗೊದ್ದು. ವಿನ್ಸೆಂಟ್ ಫೆಲಿಟ್ಟಿ ಅನ್ನುವ ಡಾಕ್ಟರು 1980ರ ದಶಕದಲ್ಲಿ ಕೈಸರ್ ಪರ್ಮನೆಂಟೆ ಆಸ್ಪತ್ರೆಯಲ್ಲಿ ಬೊಜ್ಜು ಇಳಿಸುವ ಕ್ಲಿನಿಕ್ ನಡೆಸುತ್ತಿದ್ದರು. ಚೆನ್ನಾಗಿ ತೂಕ ಇಳಿಸಿಕೊಳ್ಳುತ್ತಿದ್ದವರೇ ನಡುವೆ ಬಿಟ್ಟು ಹೋಗುತ್ತಿದ್ದರು. ಯಾಕೆ ಅಂತ ಕೂರಿಸಿ ಕೇಳಿದಾಗ ಅವರಲ್ಲಿ ಎಷ್ಟೋ ಜನ ಚಿಕ್ಕಂದಿನಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಸಿಕ್ಕವರು ಅಂತ ಹೊರಬಿತ್ತು. ಡಾಕ್ಟರು ರೋಗ ಅಂದುಕೊಂಡಿದ್ದ ತೂಕ, ಅವರ ಪಾಲಿಗೆ ಕಾವಲಾಗಿತ್ತು. ಮುಂದೆ ರಾಬರ್ಟ್ ಆಂಡಾ ಅನ್ನುವ ಸಂಶೋಧಕರ ಜೊತೆ ಸೇರಿ ಮಾಡಿದ ದೊಡ್ಡ ಸಮೀಕ್ಷೆ 1998ರಲ್ಲಿ ಪ್ರಕಟವಾಯಿತು. ಸುಮಾರು 9,500 ಜನರ ಉತ್ತರ ಅದರಲ್ಲಿತ್ತು. ಬಾಲ್ಯದಲ್ಲಿ ನಾಲ್ಕು ಅಥವಾ ಜಾಸ್ತಿ ಬಗೆಯ ಕಹಿ ಅನುಭವ ಇದ್ದವರಲ್ಲಿ, ಒಂದೂ ಇಲ್ಲದವರಿಗೆ ಹೋಲಿಸಿದರೆ, ಕುಡಿತದ ಚಟದ ಸಂಭವ ಸುಮಾರು 7 ಪಟ್ಟು ಹೆಚ್ಚಿತ್ತು. ಇಂಜೆಕ್ಷನ್ ಮೂಲಕ ಡ್ರಗ್ಸ್ ತಗೊಳ್ಳುವ ಸಂಭವ ಸುಮಾರು 10 ಪಟ್ಟು. ಉತ್ತರ ಕೊಟ್ಟವರು ಬಡವರಲ್ಲ, ಆರೋಗ್ಯ ವಿಮೆ ಇದ್ದ ಮಧ್ಯಮ ವರ್ಗದವರೇ ಜಾಸ್ತಿ. "ನಮ್ಮಂಥ ಮನೆಯಲ್ಲಿ ಅದೆಲ್ಲ ಇಲ್ಲ" ಅನ್ನುವವರು ಇದನ್ನು ಗಮನಿಸಬೇಕು.

ಆ ಅಧ್ಯಯನದಿಂದ ಬೆಳೆದ ಕಹಿ ಅನುಭವಗಳ ಪಟ್ಟಿಯನ್ನು ನಮ್ಮ ಮನೆಗಳ ಮಾತಿಗೆ ತಂದರೆ ಹೀಗೆ: ಬಾಸುಂಡೆ ಬರುವಂತೆ ಹೊಡೆಯುವುದು. "ನೀನು ಹುಟ್ಟಬಾರದಿತ್ತು" ಅಂತ ದಿನಾ ಚುಚ್ಚುವುದು. ಮೈ ಮುಟ್ಟಬಾರದ ರೀತಿ ಮುಟ್ಟುವುದು. ಹೊಟ್ಟೆ ಬಟ್ಟೆ ಕಡೆ ಯಾರೂ ನೋಡದಿರುವುದು. ಪ್ರೀತಿಯ ಒಂದು ಮಾತೂ ಇಲ್ಲದಿರುವುದು. ಅಮ್ಮನಿಗೆ ಅಪ್ಪ ಹೊಡೆಯುವುದನ್ನು ಕಂಡಿರುವುದು. ಮನೆಯಲ್ಲಿ ಕುಡುಕರಿರುವುದು, ತೀವ್ರ ಮಾನಸಿಕ ಕಾಯಿಲೆಯವರಿರುವುದು, ಜೈಲಿಗೆ ಹೋದವರಿರುವುದು. ಅಪ್ಪ ಅಮ್ಮ ಬೇರೆಯಾಗಿರುವುದು. ಇದಕ್ಕೆ ನಾನು ಇನ್ನೂ ಕೆಲವನ್ನು ಸೇರಿಸುತ್ತೇನೆ: ಜಾತಿ ಹೆಸರಿನಲ್ಲಿ ಶಾಲೆಯಲ್ಲಿ ಆದ ಅವಮಾನ, ಹಾಸ್ಟೆಲಿನಲ್ಲಿ ದೊಡ್ಡ ಹುಡುಗರ ಕಾಟ, ಚಿಕ್ಕ ವಯಸ್ಸಿನಲ್ಲೇ ದುಡಿಯಲು ಬೇರೆ ಊರಿಗೆ ಹೋದದ್ದು, ಹೆತ್ತವರ ಸಾವು.

ನಮ್ಮಲ್ಲಿ ಇವು ಅಪರೂಪವಲ್ಲ. ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ ಸಮೀಕ್ಷೆ ಪ್ರಕಟಿಸಿತು. ಅದರಲ್ಲಿ ಮೂವರು ಮಕ್ಕಳಲ್ಲಿ ಇಬ್ಬರು ದೈಹಿಕ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಅರ್ಧಕ್ಕಿಂತ ಜಾಸ್ತಿ ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಆಗಿದೆ ಅಂದಿದ್ದರು. ಗಂಡುಮಕ್ಕಳೂ ಅದರಲ್ಲಿದ್ದರು.

ಒಂದು ಎಚ್ಚರಿಕೆ. ಈ ಪಟ್ಟಿ ಹಿಡಿದುಕೊಂಡು ಮಗನ ಎದುರು ಕೂತು ಅಂಕ ಹಾಕಬೇಡಿ. ಅದು ಸಾವಿರಾರು ಜನರ ಲೆಕ್ಕಕ್ಕೆ ಮಾಡಿದ್ದು, ಒಬ್ಬನ ಭವಿಷ್ಯ ಹೇಳಲು ಅಲ್ಲ. ಆ ಪಟ್ಟಿಯಲ್ಲಿ ನಾಲ್ಕೈದು ಆಗಿಯೂ ಚಟದ ಹತ್ತಿರ ಸುಳಿಯದವರು ಬೇಕಾದಷ್ಟು ಜನ ಇದ್ದಾರೆ.

ಹೆಜ್ಜೆ 2: ಆ ಮಾಲು ಅವನಿಗೆ ಏನು ಮಾಡಿಕೊಡುತ್ತಿದೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಯಾರೋ ನಿಜವಾದ ಹುಡುಗನಲ್ಲ, ಹಲವು ಮನೆಗಳ ಕಥೆ ಕೂಡಿಸಿದ್ದು. ಏಳು ವರ್ಷದ ಹುಡುಗ. ರಾತ್ರಿ ಅಪ್ಪನ ಗಾಡಿ ಬೀದಿಯ ತಿರುವಿನಲ್ಲಿ ಬರುವಾಗಲೇ ಸದ್ದು ಗುರುತಿಸುತ್ತಾನೆ. ಸ್ಟ್ಯಾಂಡ್ ಹಾಕುವುದು ಒಂದೇ ಸಲಕ್ಕೆ ಆಯಿತಾ, ಎರಡು ಸಲ ಜಾರಿತಾ ಅಂತ ಕೇಳಿಸಿಕೊಳ್ಳುತ್ತಾನೆ. ಗೇಟಿನ ಚಿಲಕ ಮೆಲ್ಲಗೆ ಬಿದ್ದರೆ ಇವತ್ತು ಪರವಾಗಿಲ್ಲ. ಧಡ್ ಅಂದರೆ ತಂಗಿಯನ್ನು ಎಬ್ಬಿಸಿ ಹಿಂದಿನ ರೂಮಿಗೆ ಕರೆದುಕೊಂಡು ಹೋಗಬೇಕು. ಅಪ್ಪ ಚಪ್ಪಲಿ ಬಿಡುವಷ್ಟರಲ್ಲಿ ಟಿವಿ ಆಫ್ ಆಗಿರಬೇಕು, ಹೋಂವರ್ಕ್ ಪುಸ್ತಕ ತೆರೆದಿರಬೇಕು.

ಆ ಮಗುವಿನ ದೇಹ ವರ್ಷಗಟ್ಟಲೆ ಇದೇ ಪಾಠ ಕಲಿಯುತ್ತದೆ. ಮಿದುಳಿನಲ್ಲಿ ಅಪಾಯ ಗುರುತಿಸುವ ಅಮಿಗ್ಡಲ ಅನ್ನುವ ಭಾಗ ಸಣ್ಣ ಸದ್ದಿಗೂ ಚುರುಕಾಗುತ್ತದೆ. ಕಾರ್ಟಿಸೋಲ್‌ನಂಥ ಒತ್ತಡದ ಹಾರ್ಮೋನುಗಳ ಏರಿಳಿತ ಹದ ತಪ್ಪುತ್ತದೆ. "ತಡಿ, ಯೋಚನೆ ಮಾಡು" ಅನ್ನುವ ಮುಂಭಾಗದ ಮಿದುಳು ಪೂರ್ತಿ ಬಲಿಯುವುದೇ ಇಪ್ಪತ್ತರ ನಡುವಿನ ವಯಸ್ಸಿಗೆ. ಹದಿಮೂರಕ್ಕೆ ಎಚ್ಚರಿಕೆಯ ಗಂಟೆ ಜೋರಾಗಿದೆ, ಬ್ರೇಕ್ ಇನ್ನೂ ಕೂತಿಲ್ಲ.

ಆ ವಯಸ್ಸಿನಲ್ಲಿ ಯಾರೋ ವೈಟ್ನರ್ ಹಾಕಿದ ಬಟ್ಟೆಯನ್ನೋ ಗಾಂಜಾ ಸಿಗರೇಟನ್ನೋ ಕೈಗೆ ಕೊಡುತ್ತಾರೆ. ಬೇರೆ ಹುಡುಗರಿಗೆ ಅದು ಮಜಾ. ಇವನಿಗೆ ಹುಟ್ಟಿದಾಗಿಂದ ಮೊದಲ ಸಲ ಮೈ ಸಡಿಲವಾಗುತ್ತದೆ. ರಾತ್ರಿ ಗೇಟಿನ ಸದ್ದಿಗೆ ಎದೆ ಹೊಡೆದುಕೊಳ್ಳದೆ ನಿದ್ದೆ ಬರುತ್ತದೆ. ಇದನ್ನು ಅವನು ಯಾಕೆ ಬಿಟ್ಟಾನು? ಬೈದರೆ ಬಿಡುತ್ತಾನಾ?

ಯಾವ ಮಾಲು ಹಿಡಿದಿದ್ದಾನೆ ಅನ್ನುವುದರಲ್ಲೂ ಸುಳಿವು ಇರುತ್ತದೆ. ಸದಾ ಬೆಚ್ಚುವವರು, ನಿದ್ದೆ ಬಾರದವರು ಎಣ್ಣೆ, ಗಾಂಜಾ, ನಿದ್ದೆ ಮಾತ್ರೆ ಕಡೆ ವಾಲುತ್ತಾರೆ. ಒಳಗೆಲ್ಲ ಮರಗಟ್ಟಿದ ಹಾಗಿರುವವರು ಏನಾದರೂ ಅನ್ನಿಸಲಿ ಅಂತ ಕಿಕ್ ಹುಡುಕುತ್ತಾರೆ. ಇದು ಕಟ್ಟುನಿಟ್ಟಾದ ನಿಯಮ ಅಲ್ಲ, ಡಾಕ್ಟರ ಹತ್ತಿರ ಹೇಳಲು ಉಪಯೋಗವಾಗುವ ಗುರುತು ಅಷ್ಟೇ. ಹೆಣ್ಣುಮಕ್ಕಳಲ್ಲಿ ಇದು ಇನ್ನೂ ಮುಚ್ಚಿರುತ್ತದೆ. ತಲೆನೋವಿಗೆ ಅಂತ ಮಾತ್ರೆ, ನಿದ್ದೆಗೆ ಅಂತ ಮಾತ್ರೆ, ಉದ್ದ ತೋಳಿನ ಕುರ್ತಾದೊಳಗೆ ಕೈಯ ಮೇಲೆ ಗೀರು. ಮರ್ಯಾದೆಗೆ ಅಂಜಿ ಮನೆಯವರು ಮುಚ್ಚಿಡುವುದರಿಂದ ಅವರು ಚಿಕಿತ್ಸೆಗೆ ಬರುವುದೇ ತಡ.

ಹೆಜ್ಜೆ 3: ಪೆಟ್ಟು ಈಗಲೂ ಬೀಳುತ್ತಿದೆಯಾ?

ಈ ಹೆಜ್ಜೆಯನ್ನು ಹಾರಿಸುವವರೇ ಜಾಸ್ತಿ. ಹೊಡೆಯುವವರು, ಮೈ ಮುಟ್ಟುವವರು ಇನ್ನೂ ಅದೇ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದರೆ ಯಾವ ಕೌನ್ಸೆಲಿಂಗೂ ನಾಟುವುದಿಲ್ಲ. ಮಗುವಿನ ಭಯ ಆಗ ಕಾಯಿಲೆಯಲ್ಲ, ನಿಜವಾದ ಭಯ. ಅವನನ್ನು ಸದ್ಯಕ್ಕೆ ಅಜ್ಜಿ ಮನೆಗೋ ದೊಡ್ಡಮ್ಮನ ಮನೆಗೋ ಕಳಿಸಲು ಆಗುತ್ತದಾ ನೋಡಿ. ಅಂಥವರು ಯಾರೂ ಇಲ್ಲ ಅಂದರೆ ಮಕ್ಕಳ ಸಹಾಯವಾಣಿ 1098. ಅಲ್ಲಿಂದ ವಿಷಯ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಹೋಗುತ್ತದೆ.

18 ತುಂಬದವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೋ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಡಾಕ್ಟರು, ಮೇಷ್ಟ್ರು, ಅತ್ತೆ, ಮಾವ ಯಾರಿಗೂ ವಿನಾಯಿತಿ ಇಲ್ಲ. ಹಾಗಂತ ಮಗುವನ್ನು ಸ್ಟೇಷನ್ನಿಗೆ ಎಳೆದುಕೊಂಡು ಹೋಗಬೇಕಿಲ್ಲ. ಹೇಳಿಕೆಯನ್ನು ಮನೆಯಲ್ಲೋ ಮಗು ಬಯಸಿದ ಜಾಗದಲ್ಲೋ ಪಡೆಯಬೇಕು, ಆದಷ್ಟೂ ಮಹಿಳಾ ಅಧಿಕಾರಿಯೇ ಪಡೆಯಬೇಕು, ಯೂನಿಫಾರಂ ಹಾಕಿರಬಾರದು ಅಂತ ಅದೇ ಕಾಯ್ದೆ ಹೇಳುತ್ತದೆ.

ಹಾಗಾಗಿ "ಹೇಳು, ಯಾರಿಗೂ ಹೇಳಲ್ಲ" ಅಂತ ಭಾಷೆ ಕೊಡಬೇಡಿ. ಮುಂದೆ ಆ ಮಾತು ಮುರಿಯಲೇಬೇಕಾದ ದಿನ ಬರಬಹುದು. ನಂಬಿಕೆ ಒಮ್ಮೆ ಮುರಿದ ಮಗುವಿಗೆ ಅದು ಎರಡನೇ ಪೆಟ್ಟು. "ನಿನಗೆ ತೊಂದರೆ ಆಗೋ ವಿಷಯ ಇದ್ರೆ ಸಹಾಯ ಮಾಡೋರಿಗೆ ಮಾತ್ರ ಹೇಳ್ತೀನಿ, ಅದೂ ನಿನಗೆ ತಿಳಿಸಿಯೇ" ಅನ್ನಿ. ಅಷ್ಟು ನಿಜ ಹೇಳಿದರೆ ಸಾಕು.

ಹೆಜ್ಜೆ 4: ಮಾತು ಶುರು ಮಾಡುವುದು

ಮನೆಯಲ್ಲಿ ಯಾರು ಮಾತಾಡಬೇಕು? ಅವನು ಯಾರ ಹತ್ತಿರ ಈಗಲೂ ನಗುತ್ತಾನೋ ಅವರು. ಅಕ್ಕ, ಸೋದರಮಾವ, ಪಿ.ಟಿ. ಮೇಷ್ಟ್ರು, ಯಾರಾದರೂ ಆಗಬಹುದು. ಅಪ್ಪನೇ ಆಗಬೇಕು ಅಂತಿಲ್ಲ. ಅಮಲಿನಲ್ಲಿರುವಾಗ ಬೇಡ, ಜಗಳದ ಮರುಕ್ಷಣ ಬೇಡ, ನಾಲ್ಕು ಜನ ಸುತ್ತ ಕೂತು ಪಂಚಾಯಿತಿ ಮಾಡುವುದಂತೂ ಬೇಡವೇ ಬೇಡ. ಎದುರಾಬದುರು ಕೂರುವುದಕ್ಕಿಂತ ಬೈಕಿನಲ್ಲಿ ಹೋಗುವಾಗ, ಟೀ ಅಂಗಡಿ ಮುಂದೆ ಪಕ್ಕಪಕ್ಕ ನಿಂತಾಗ ಮಾತು ಸಲೀಸು. ಕಣ್ಣಿಗೆ ಕಣ್ಣು ಕೊಡಬೇಕಾದ ಕಷ್ಟ ಇರುವುದಿಲ್ಲ.

ಮಾತು ಹೀಗಿರಬಹುದು:

"ಮಾಮ, ಅಪ್ಪ ಕಳಿಸಿದ್ರಾ?"

"ಇಲ್ಲ ಕಣೋ. ನಾನೇ ಬಂದೆ. ಬೈಯೋಕೂ ಬಂದಿಲ್ಲ."

"ಎಲ್ರೂ ಹಂಗೇ ಅಂತಾರೆ."

"ಸರಿ ಬಿಡು. ಒಂದೇ ಒಂದು ಕೇಳ್ತೀನಿ. ಹೇಳಬೇಕು ಅನ್ನಿಸಿದ್ರೆ ಹೇಳು. ಅದನ್ನ ಸೇದಿದಾಗ ನಿಂಗೆ ಏನು ಕಮ್ಮಿ ಆಗುತ್ತೆ?"

"...ತಲೇಲಿ ಸದ್ದು."

"ಯಾವಾಗಿಂದ ಇದೆ ಆ ಸದ್ದು?"

"ಗೊತ್ತಿಲ್ಲ. ಸಣ್ಣವನಿದ್ದಾಗಿಂದ."

ಇಲ್ಲಿಗೆ ನಿಲ್ಲಿಸಬೇಕು. "ಯಾವ ಸದ್ದು? ಯಾರು ಏನು ಮಾಡಿದ್ರು? ಎಲ್ಲಾ ಹೇಳು" ಅಂತ ಮುಂದುವರಿಯಲು ನಾಲಗೆ ತುರಿಸುತ್ತದೆ. ಬೇಡ. ಒತ್ತಾಯಕ್ಕೆ ಹಳೆಯದೆಲ್ಲ ಒಂದೇ ಸಲ ಬಿಚ್ಚಿದ ಹುಡುಗ ಆ ರಾತ್ರಿ ಒಂಟಿಯಾಗಿ ಅದನ್ನು ತಡೆಯಲಾಗದೆ ಮತ್ತೆ ಅದೇ ಪೊಟ್ಟಣ ಹುಡುಕುತ್ತಾನೆ. "ಹೇಳಿದ್ದು ಒಳ್ಳೇದಾಯ್ತು. ಇದಕ್ಕೆ ಡಾಕ್ಟರಿದ್ದಾರೆ, ನಾನೂ ಜೊತೆಗೆ ಬರ್ತೀನಿ" ಅಂದರೆ ಆ ದಿನಕ್ಕೆ ಸಾಕು. ಅವನಾಗೇ ಹೇಳಿದರೆ ಕೇಳಿಸಿಕೊಳ್ಳಿ. "ಛೇ, ಅಪ್ಪ ಹಂಗೆಲ್ಲ ಮಾಡಿರಲ್ಲ" ಅನ್ನಬೇಡಿ.

"ಏನು ಕಮ್ಮಿ ಆಗುತ್ತೆ" ಅನ್ನುವ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. "ಯಾಕೆ ಸೇದ್ತೀಯ" ಅಂದರೆ ಆರೋಪ ಕೇಳಿಸುತ್ತದೆ, ಉತ್ತರಕ್ಕೆ ಸುಳ್ಳು ಬರುತ್ತದೆ.

ಒಬ್ಬರಾದರೂ ದೊಡ್ಡವರು ಹೀಗೆ ಜೊತೆಗಿದ್ದರೆ ಎಷ್ಟು ವ್ಯತ್ಯಾಸ ಆಗುತ್ತದೆ ಅನ್ನುವುದಕ್ಕೆ ಹವಾಯಿಯ ಕವಾಯಿ ದ್ವೀಪದ ಅಧ್ಯಯನ ನೋಡಬಹುದು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಅನ್ನುವ ಮನಶ್ಶಾಸ್ತ್ರಜ್ಞೆ ಮತ್ತು ಜೊತೆಗಾರರು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಕುಡಿತ, ಜಗಳದ ಮನೆಗಳಲ್ಲಿ ಬೆಳೆದು ಅಪಾಯದಲ್ಲಿದ್ದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಚೆನ್ನಾಗಿಯೇ ಬೆಳೆದರು. ಅವರಲ್ಲಿ ಮತ್ತೆ ಮತ್ತೆ ಕಂಡ ಒಂದು ಅಂಶ: ಅಜ್ಜಿಯೋ ಟೀಚರೋ ನೆರೆಯವರೋ, ಇವರನ್ನು ಇದ್ದ ಹಾಗೆ ಒಪ್ಪಿದ ಒಬ್ಬ ದೊಡ್ಡವರು. ಹದಿವಯಸ್ಸಿನಲ್ಲಿ ದಾರಿ ತಪ್ಪಿದವರಲ್ಲೂ ಎಷ್ಟೋ ಜನ ಮೂವತ್ತು ದಾಟುವಷ್ಟರಲ್ಲಿ ಸರಿಹೋಗಿದ್ದರು.

ಹೆಜ್ಜೆ 5: ಎಲ್ಲಿಗೆ ಹೋಗಬೇಕು, ಎಲ್ಲಿಗೆ ಹೋಗಬಾರದು

ಏನೂ ತೋಚದಿದ್ದರೆ 14416. ಚಟದ ವಿಷಯಕ್ಕೇ ಅಂತ ಇರುವ ರಾಷ್ಟ್ರೀಯ ಸಹಾಯವಾಣಿ 14446. ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ಹೋಗುವ ಮುನ್ನ ಈ ವಾರ ಇದ್ದಾರಾ ಅಂತ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ಜಿಲ್ಲಾ ಆಸ್ಪತ್ರೆ, ಸರ್ಕಾರಿ ಮೆಡಿಕಲ್ ಕಾಲೇಜುಗಳಲ್ಲಿ ಮನೋವೈದ್ಯ ವಿಭಾಗ ಇದೆ. ಹದಿಹರೆಯದವರಿಗೆ ಅಂತ ಸ್ನೇಹ ಕ್ಲಿನಿಕ್‌ಗಳಿವೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಬೇರೆ ಕೇಂದ್ರ, ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕ್ಕೆ ಬೇರೆ ವಿಭಾಗ ಎರಡೂ ಇವೆ. ಚಟದ ಜೊತೆ ಬಾಲ್ಯದ ಹಿಂಸೆಯ ವಿಷಯವೂ ಇದೆ ಅಂತ ಮೊದಲ ಭೇಟಿಯಲ್ಲೇ ಒಂದು ಸಾಲು ಹೇಳಿಬಿಡಿ. ಎರಡೂ ಕಡೆಯವರು ಒಟ್ಟಿಗೆ ನೋಡಲು ಆಗ ಅನುಕೂಲ.

ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಹಳ್ಳಿ ಹಳ್ಳಿಗೂ ಗೊತ್ತು. ಅಂಥ ಶಿಬಿರದಲ್ಲಿ ಅಪ್ಪನ ಕುಡಿತ ಬಿಟ್ಟರೆ ಮನೆಗೆ ದೊಡ್ಡ ಉಪಕಾರ. ಆದರೆ ಮಾತ್ರೆ, ಗಾಂಜಾ, ಬಾಲ್ಯದ ಹಿಂಸೆ ಎಲ್ಲ ಸೇರಿಕೊಂಡ 16ರ ಹುಡುಗನಿಗೆ ದೊಡ್ಡ ಕುಡುಕರ ನಡುವಿನ ಶಿಬಿರ ಒಂದೇ ಸಾಲದು. ಅವನಿಗೆ ಮನೋವೈದ್ಯರೇ ಬೇಕು.

ಖಾಸಗಿ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸುವುದಾದರೆ ಹೋಗಿ ಕಣ್ಣಾರೆ ನೋಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಡಿ ನೋಂದಣಿ ಇದೆಯಾ, ಪತ್ರ ತೋರಿಸಿ ಅನ್ನಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ? ರಾತ್ರಿ ನರ್ಸ್ ಇರುತ್ತಾರಾ? ಮಗನ ಜೊತೆ ಫೋನಿನಲ್ಲಿ ಮಾತಾಡಬಹುದಾ, ಬಂದು ನೋಡಬಹುದಾ? 18ರ ಒಳಗಿನವರನ್ನು ದೊಡ್ಡವರಿಂದ ಬೇರೆ ಇಡುತ್ತೀರಾ? ಈ ಕೊನೆಯದು ಕಾನೂನಿನ ಮಾತು. ಅಪ್ರಾಪ್ತರನ್ನು ಒಳರೋಗಿಯಾಗಿ ಸೇರಿಸಿಕೊಳ್ಳಬೇಕಾದರೆ ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಿ ಬೇಕೇ ಬೇಕು ಅನ್ನಬೇಕು, ವಾಸ ದೊಡ್ಡವರಿಂದ ಬೇರೆ ಇರಬೇಕು, ಹೆತ್ತವರೋ ಪೋಷಕರೋ ಅವರು ಗೊತ್ತುಮಾಡಿದವರೋ ಪೂರ್ತಿ ಅವಧಿ ಜೊತೆಗಿರಬೇಕು. "ನೀವು ಬರೋದೇ ಬೇಡ, ನಮ್ಮ ಹುಡುಗರು ವ್ಯಾನ್ ತಂದು ಎತ್ತಿಕೊಂಡು ಹೋಗ್ತಾರೆ, ಮೂರು ತಿಂಗಳು ಭೇಟಿ ಇಲ್ಲ" ಅನ್ನುವ ಕಡೆಗೆ ತಲೆ ಹಾಕಬೇಡಿ. ಕಟ್ಟಿ ಹಾಕುವ, ಹೊಡೆಯುವ ಜಾಗಕ್ಕೆ ಬಾಲ್ಯದಲ್ಲೇ ಏಟು ತಿಂದವನನ್ನು ಕಳಿಸಿದರೆ ಯಾವುದರಿಂದ ಓಡಿ ಬಂದನೋ ಅದಕ್ಕೇ ಅವನನ್ನು ಒಪ್ಪಿಸಿದ ಹಾಗೆ.

ಗೊತ್ತಾಗದ ಹಾಗೆ ಸಾರಿಗೆ, ಕಾಫಿಗೆ ಬೆರೆಸುವ "ಕುಡಿತ ಬಿಡಿಸುವ ಪುಡಿ" ಬಗ್ಗೆಯೂ ಹೇಳಲೇಬೇಕು. ಡೈಸಲ್ಫಿರಾಂ ಅನ್ನುವ ಮಾತ್ರೆ ಮೈಯಲ್ಲಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಇಳಿದು ಪ್ರಾಣಕ್ಕೇ ಬರಬಹುದು. ರೋಗಿಗೆ ಎಲ್ಲ ತಿಳಿಸಿ, ಒಪ್ಪಿಗೆ ಪಡೆದು ಡಾಕ್ಟರು ಕೊಡುವ ಔಷಧಿ ಅದು. ಏನಿರುತ್ತದೋ ಗೊತ್ತಿಲ್ಲದ ಪುಡಿಯಂತೂ ಇನ್ನೂ ಅಪಾಯ. ಅಮ್ಮ ಬಡಿಸಿದ ಊಟವನ್ನೂ ನಂಬುವ ಹಾಗಿಲ್ಲ ಅಂತ ಹುಡುಗನಿಗೆ ಗೊತ್ತಾದ ಮೇಲೆ ಅವನನ್ನು ಯಾವ ಡಾಕ್ಟರ ಹತ್ತಿರ ಕರೆದೊಯ್ಯುತ್ತೀರಿ?

ಪೊಲೀಸ್ ಭಯಕ್ಕೆ ಚಿಕಿತ್ಸೆ ಮುಂದೂಡಬೇಡಿ. ಡ್ರಗ್ಸ್ ಬಗ್ಗೆ ಇರುವ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಸೆಕ್ಷನ್‌ನಲ್ಲೇ ಒಂದು ದಾರಿ ಇದೆ. ಸೇವನೆ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕಡೆ ಚಿಕಿತ್ಸೆ ಪೂರ್ತಿ ಮಾಡಿಕೊಂಡರೆ ಮೊಕದ್ದಮೆಯಿಂದ ರಕ್ಷಣೆ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಹೆಜ್ಜೆ 6: ಚಿಕಿತ್ಸೆಯ ಕ್ರಮ ತಿಳಿದಿರಲಿ

"ಮೊದಲು ಪೂರ್ತಿ ಬಿಟ್ಟು ಆರು ತಿಂಗಳಾಗಲಿ, ಆಮೇಲೆ ಮನಸ್ಸಿನ ವಿಷಯ ನೋಡೋಣ" ಅನ್ನುವುದು ಹಳೆಯ ಪದ್ಧತಿ. ಬಿಟ್ಟ ಎರಡನೇ ವಾರವೇ ಕೆಟ್ಟ ಕನಸು, ಬೆಚ್ಚುವುದು, ಸಿಟ್ಟು ಎಲ್ಲ ದುಪ್ಪಟ್ಟಾಗಿ ವಾಪಸ್ ಬಂದರೆ ಹುಡುಗ ಆರು ತಿಂಗಳು ಎಲ್ಲಿ ಕಾಯುತ್ತಾನೆ? ಮುಚ್ಚಳ ತೆಗೆದಿರಿ, ಒಳಗಿನದಕ್ಕೆ ಏನೂ ಕೊಡಲಿಲ್ಲ. ಈಗ ಎರಡನ್ನೂ ಒಂದೇ ತಂಡ ಒಟ್ಟಿಗೆ ನೋಡುವ ಕಡೆಗೆ ತಜ್ಞರ ಒಲವು.

ಮೊದಲು ಡಿಟಾಕ್ಸ್. ಸಾಮಾನ್ಯವಾಗಿ ಕೆಲವು ದಿನದಿಂದ ಎರಡು ಮೂರು ವಾರ. ದೇಹದಿಂದ ಮಾಲು ಇಳಿಸಿ, ನಡುಕ, ನಿದ್ದೆ, ಊಟ ಸರಿ ಮಾಡುವ ಹಂತ ಇದು. ಇದು ಮುಗಿದರೆ ಚಟ ಹೋಯಿತು ಅಂದುಕೊಂಡು ಮನೆಗೆ ಕರೆತಂದು ಸುಮ್ನೆ ಕೂರಿಸುವುದೇ ನಮ್ಮಲ್ಲಿ ಆಗುವ ದೊಡ್ಡ ಎಡವಟ್ಟು.

ಆಮೇಲೆ ಬರುವುದು ನೆಲೆ ಕಂಡುಕೊಳ್ಳುವ ಹಂತ. ಇಲ್ಲಿ ಹಳೆಯ ಘಟನೆ ಹೇಳಿಸುವುದಿಲ್ಲ. ಅದು ನೆನಪಾಗಿ ಮೈ ನಡುಗಿದಾಗ ಅಮಲು ಇಲ್ಲದೆ ಆ ಹತ್ತು ನಿಮಿಷ ದಾಟುವುದು ಹೇಗೆ ಅಂತ ಕಲಿಸುತ್ತಾರೆ. ಮನೆಯಲ್ಲೂ ಮಾಡಬಹುದಾದ ಒಂದನ್ನು ಹೇಳುತ್ತೇನೆ. ಚಪ್ಪಲಿ ಬಿಟ್ಟು ಎರಡೂ ಪಾದ ತಣ್ಣನೆ ನೆಲಕ್ಕೆ ಊರಬೇಕು. ತಣ್ಣೀರಿನ ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಬೇಕು. ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರನ್ನು ಜೋರಾಗಿ ಹೇಳಬೇಕು: ಫ್ಯಾನು, ಕ್ಯಾಲೆಂಡರ್, ಚೊಂಬು, ಬಾಗಿಲು, ಬ್ಯಾಗು. ಆಮೇಲೆ ಮೈಗೆ ತಾಗುವ ನಾಲ್ಕು, ಕಿವಿಗೆ ಬೀಳುವ ಮೂರು, ಮೂಗಿಗೆ ಬರುವ ಎರಡು, ಬಾಯಿಯ ರುಚಿ ಒಂದು. ಉಸಿರು ಎಳೆಯುವುದಕ್ಕಿಂತ ಬಿಡುವುದು ನಿಧಾನ ಇರಲಿ. "ನಾನೀಗ ಇಲ್ಲಿದ್ದೀನಿ, ಆ ದಿನದಲ್ಲಿ ಇಲ್ಲ" ಅಂತ ದೇಹಕ್ಕೆ ಗೊತ್ತುಮಾಡುವ ಕೆಲಸ ಇದು. ಹುಡುಗ ಸರಿಯಾಗಿರುವಾಗಲೇ ಅಭ್ಯಾಸ ಮಾಡಿಸಿ. ಬೆಚ್ಚಿ ಬಿದ್ದ ಹೊತ್ತಿಗೆ ಹೊಸದಾಗಿ ಕಲಿಯಲು ಆಗುವುದಿಲ್ಲ.

ಕೊನೆಗೆ, ಕಾಲು ಊರಿ ನಿಂತ ಮೇಲೆ, ಹಳೆಯದರ ಮಾತು. ಮಕ್ಕಳಿಗೆ ಚೆನ್ನಾಗಿ ಪರೀಕ್ಷೆಗೊಳಪಟ್ಟ ಪದ್ಧತಿ ಟ್ರಾಮಾ ಫೋಕಸ್ಡ್ ಸಿಬಿಟಿ, ಅಂದರೆ ಮನಸ್ಸಿನ ಪೆಟ್ಟಿಗೇ ಗಮನ ಕೊಟ್ಟು ಯೋಚನೆ, ನಡವಳಿಕೆ ತಿದ್ದುವ ಮಾತಿನ ಚಿಕಿತ್ಸೆ. ಸಾಮಾನ್ಯವಾಗಿ 12ರಿಂದ 16 ಭೇಟಿ. ನಂಬಿಕೆಯ ಪೋಷಕರೊಬ್ಬರಿಗೂ ಜೊತೆಜೊತೆಗೇ ಭೇಟಿ ಇರುತ್ತದೆ. ಮಗು ತನ್ನ ಕಥೆಯನ್ನು ಸ್ವಲ್ಪ ಸ್ವಲ್ಪವೇ ಹೇಳುತ್ತದೆ, ಬರೆಯುತ್ತದೆ. "ತಪ್ಪು ನಂದೇ" ಅನ್ನುವ ನಂಬಿಕೆಯನ್ನು ಅಲ್ಲಿ ಬಿಡಿಸುತ್ತಾರೆ. ಲೈಂಗಿಕ ದೌರ್ಜನ್ಯ ಆದ ಮಕ್ಕಳಲ್ಲಿ ಈ ನಂಬಿಕೆ ತುಂಬ ಆಳಕ್ಕೆ ಇಳಿದಿರುತ್ತದೆ. ಹಳೆಯದನ್ನು ನೆನೆಯುತ್ತಾ ಕಣ್ಣುಗಳನ್ನು ಅತ್ತಿತ್ತ ಆಡಿಸುವ ಇಎಂಡಿಆರ್ ಅನ್ನುವ ಇನ್ನೊಂದು ಪದ್ಧತಿಯೂ ಇದೆ, ತರಬೇತಾದವರ ಹತ್ತಿರ ಮಾತ್ರ.

ಮಾತ್ರೆ? ಬಾಲ್ಯದ ಪೆಟ್ಟಿಗೇ ಅಂತ ಒಂದು ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕ, ಎಡಿಎಚ್‌ಡಿಗೆ ಇವೆ. ಓಪಿಯಾಯ್ಡ್ (ಹೆರಾಯಿನ್, ಅದೇ ಬಗೆಯ ನೋವಿನ ಮಾತ್ರೆ) ಚಟಕ್ಕೆ ನಾಲಗೆ ಕೆಳಗಿಡುವ ಬುಪ್ರೆನಾರ್ಫಿನ್ ಇದೆ. "ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸ್ತಾರೆ" ಅಂತ ಅದನ್ನು ಅರ್ಧಕ್ಕೆ ನಿಲ್ಲಿಸಬೇಡಿ, ಜೀವ ಉಳಿಸುವ ಔಷಧಿ ಅದು. ಗಾಂಜಾ ಸೇದುವ ಹುಡುಗ ಯಾರೋ ಮಾತಾಡುವುದು ಕೇಳುತ್ತದೆ, ಎಲ್ಲರೂ ನನ್ನನ್ನೇ ನೋಡುತ್ತಾರೆ ಅಂದರೆ ಮುಂದಿನ ಮಂಗಳವಾರಕ್ಕೆ ಕಾಯದೆ ಅವತ್ತೇ ಮನೋವೈದ್ಯರಿಗೆ ತೋರಿಸಿ.

ಹೆಜ್ಜೆ 7: ಮನೆ ಬದಲಾಗದೆ ಅವನೊಬ್ಬನೇ ಬದಲಾಗಲಾರ

ಅಪ್ಪ ಕುಡಿಯುತ್ತಿದ್ದರೆ ಅಪ್ಪನೂ ಚಿಕಿತ್ಸೆಗೆ ಬರಬೇಕು. ಒಪ್ಪದಿದ್ದರೆ ಕನಿಷ್ಠ ಮನೆಯೊಳಗೆ ಬಾಟಲಿ ಬೇಡ, ಕುಡಿದು ಬಂದ ರಾತ್ರಿ ಹುಡುಗನ ರೂಮಿನ ಕಡೆ ಬರುವುದು ಬೇಡ. ಅಮ್ಮಂದಿರಿಗೆ ಅಲ್-ಅನಾನ್ ಗುಂಪುಗಳಿವೆ. ಕುಡುಕರ ಮನೆಯವರೇ ಸೇರಿ ಮಾತಾಡುವ ಸಭೆ ಅದು.

ಹೊಡೆದು ಬೆಳೆಸಿದ ಅಪ್ಪ "ನಾನು ಹೊಡೀಬಾರದಿತ್ತು ಕಣಪ್ಪ" ಅಂತ ಒಂದು ಸಲ ಹೇಳಿದರೆ ಹತ್ತು ಕೌನ್ಸೆಲಿಂಗಿನ ಕೆಲಸ ಆಗುತ್ತದೆ ಅಂತ ನನ್ನ ಅನಿಸಿಕೆ. "ನಿನ್ನ ಒಳ್ಳೇದಕ್ಕೇ ಹೊಡೆದೆ" ಅಂತ ಬಾಲ ಸೇರಿಸಬಾರದು ಅಷ್ಟೇ.

ಇನ್ನು ದಿನಚರಿ. ಊಟ, ನಿದ್ದೆ ಹೊತ್ತು ಹೊತ್ತಿಗೆ ಆಗಲಿ. ಕೈಗೆ ಜಾಸ್ತಿ ದುಡ್ಡು ಬೇಡ. ಕಾಲೇಜಿನಲ್ಲಿ ಎಲ್ಲರಿಗೂ ಹೇಳಬೇಕಿಲ್ಲ, ಹಾಜರಾತಿ ನೋಡಿಕೊಳ್ಳುವ ಒಬ್ಬ ಲೆಕ್ಚರರ್‌ಗೆ ಹೇಳಿದರೆ ಸಾಕು. ದಿನಾ ಜೇಬು ತಡಕುವುದು, ಬಾಯಿ ಮೂಸುವುದು ಬಿಡಿ. ಮೂತ್ರ ಪರೀಕ್ಷೆ ಬೇಕಿದ್ದರೆ ಡಾಕ್ಟರು ಅವನ ಜೊತೆ ಮಾತಾಡಿ ನಿರ್ಧರಿಸಲಿ.

ಹೆಜ್ಜೆ 8: ಮತ್ತೆ ಸೇದಿದ ದಿನ

ಹೆಚ್ಚಿನವರಲ್ಲಿ ಒಮ್ಮೆಯಾದರೂ ಇದು ಆಗುತ್ತದೆ. ಅವತ್ತು ರಾತ್ರಿ ವಿಚಾರಣೆ ಬೇಡ. ಅಪಾಯದ ಗುರುತು ಇದೆಯಾ ನೋಡಿ, ಮಲಗಿಸಿ. ಮಾರನೇ ದಿನ ಅವನ ಜೊತೆ ಕೂತು ಹಿಂದಿನ ಮೂರು ದಿನದಲ್ಲಿ ಏನೇನಾಯಿತು ಅಂತ ಬರೆಯಿರಿ. ರಿಸಲ್ಟ್ ಬಂತಾ, ಹಳೆಯ ನೆಂಟರು ಮನೆಗೆ ಬಂದರಾ, ಯಾರಾದರೂ ಕೈ ಎತ್ತಿದರಾ, ಕೋರ್ಟಿನ ನೋಟಿಸು ಬಂತಾ, ಹಬ್ಬದ ದಿನ ಜಗಳ ಆಯಿತಾ? ಒಂದೆರಡು ಸಲ ಬರೆದರೆ ಹುಡುಗನೇ ಬೆರಳಿಟ್ಟು ತೋರಿಸುತ್ತಾನೆ. ಮದುವೆಗೆ ಬಂದಿದ್ದ ಒಬ್ಬ ದೊಡ್ಡಪ್ಪನ ಹೆಸರು ಎರಡೂ ಸಲ ಆ ಪಟ್ಟಿಯಲ್ಲಿದ್ದರೆ ಅದನ್ನು ಹಗುರವಾಗಿ ತಗೊಳ್ಳಬೇಡಿ, ಮೂರನೇ ಹೆಜ್ಜೆಯನ್ನು ಇನ್ನೊಮ್ಮೆ ಓದಿ.

ಮತ್ತೆ ಸೇದಿದ ನಾಚಿಕೆಗೆ ಆ ವಾರದ ಭೇಟಿ ತಪ್ಪಿಸುವವರು ಬಹಳ. ಹುಡುಗ "ಡಾಕ್ಟರ್ ಬೈತಾರೆ, ಮುಂದಿನ ವಾರ ಹೋಗೋಣ" ಅಂತಾನೆ. ಅಮ್ಮನಿಗೂ ಮುಖ ತೋರಿಸಲು ಸಂಕೋಚ. ಆ ವಾರವೇ ಹೋಗಿ. ಬರೆದ ಹಾಳೆ, ನುಂಗುತ್ತಿರುವ ಎಲ್ಲ ಮಾತ್ರೆಗಳ ಪಟ್ಟಿ, ಹಳೆಯ ಚೀಟಿ ಮೂರನ್ನೂ ಜೊತೆಗೆ ಒಯ್ಯಿರಿ. ಒಳಗೆ ಹೋದಾಗ ಮೊದಲ ಹತ್ತು ನಿಮಿಷ ಅವನೊಬ್ಬನೇ ಡಾಕ್ಟರ ಹತ್ತಿರ ಮಾತಾಡಲಿ, ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ.